ಉಳಿದದ್ದನ್ನು ಚೆಲ್ಲುವ ಮಷೀನು

ಥರ್ಮಲ್ ಕೇಂದ್ರ ರಾಯಚೂರಿನ ಪಕ್ಕದಲ್ಲೇ ಹಗಲು ರಾತ್ರಿ ಹೊಗೆ ಉಗುಳುತ್ತಿತ್ತು. ಆದರೂ ೧೯೮೮ರ ಆ ಬೇಸಿಗೆಯಲ್ಲಿ ಮಧ್ಯಾಹ್ನ ಎರಡಾಯಿತೆಂದರೆ ಊರಿನ ಫ್ಯಾನುಗಳೆಲ್ಲ ಹೇಳಿ ಕೊಟ್ಟಂತೆ ಒಟ್ಟಿಗೆ ನಿಲ್ಲುತ್ತಿದ್ದವು. ಊರೂರಿಗೆ ಬೆಳಕು ಹಂಚುವವರಿಗೆ ಮಗ್ಗುಲ ಮನೆ ಕಾಣುವುದಿಲ್ಲ, ಏನು ಮಾಡೋಣ! ಕರೆಂಟು ಬೆಳಿಗ್ಗೆ ಎಂಟಕ್ಕೆ ಬರುವುದು, ಎರಡಕ್ಕೆ ಹೋಗುವುದು. ಗೋಪಮ್ಮನ ಪಾಲಿಗೆ ದಿನವೆಂದರೆ ಆ ಆರು ಗಂಟೆಯೇ.

ತೀನ್ ಕಂದೀಲು ಚೌಕದ ಹತ್ತಿರ, ಬುರ್ಹಾನುದ್ದೀನನ ಸೈಕಲ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅವಳು ಕೆಲಸ ಮಾಡುವ ಕಂಪ್ಯೂಟರ್ ಆಫೀಸು. ದೇವದುರ್ಗ ಮತ್ತು ಮಾನ್ವಿ ತಾಲ್ಲೂಕಿನ ಮನೆಯಿಲ್ಲದವರಿಗೆ ಜಾಗ ಹಂಚುವ ಪಟ್ಟಿ ಅಲ್ಲಿ ತಯಾರಾಗಬೇಕಿತ್ತು. ಒಟ್ಟು ನಾಲ್ಕು ಸಾವಿರದ ಇನ್ನೂರ ಹದಿನೆಂಟು ಅರ್ಜಿ. ಶನಿವಾರ ಮಧ್ಯಾಹ್ನ ಎರಡಕ್ಕೆ ಜೀಪು ಬರುತ್ತದೆ. ಅಷ್ಟರಲ್ಲಿ ಪಟ್ಟಿ ಕೈಗೆ ಸಿಗದಿದ್ದರೆ ಹಳ್ಳಿಹಳ್ಳಿಯ ದೊಡ್ಡವರು ಕೈಯಲ್ಲಿ ಬರೆದುಕೊಟ್ಟ ಪಟ್ಟಿಗಳೇ ಖಾಯಂ ಎಂದು ಮೇಲಿನವರು ಹೇಳಿಬಿಟ್ಟಿದ್ದರು.

ತನ್ನೂರು ಹಿರೇಕೊಟ್ನೆಕಲ್ಲಿನ ಕೈಬರಹದ ಪಟ್ಟಿಯನ್ನು ಗೋಪಮ್ಮ ಕಣ್ಣಾರೆ ನೋಡಿದ್ದಳು. ಅದರಲ್ಲಿ ಅವಳ ಕೇರಿಯ ಒಂದು ಹೆಸರೂ ಇರಲಿಲ್ಲ. ಅವಳ ಅವ್ವ ಬಸ್ಸಮ್ಮ ಕಾಲುವೆಯ ದಂಡೆಯ ಮೇಲೆ ಗುಡಿಸಲು ಹಾಕಿಕೊಂಡಿದ್ದಳು. ಹೂಳು ತೆಗೆಸುವಾಗಲೆಲ್ಲ ಏಳು ಎನ್ನುತ್ತಿದ್ದರು. ಮೂರು ಸಲ ಎದ್ದಿದ್ದಳು. ನಾಲ್ಕನೆಯ ಸಲ ಏಳುವ ಕಸುವು ಆ ಮುದುಕಿಯ ಮೊಣಕಾಲಿನಲ್ಲಿ ಇರಲಿಲ್ಲ. ಅವಳ ಅರ್ಜಿಯನ್ನು ಗೋಪಮ್ಮನೇ ಕೂತು ತುಂಬಿದ್ದಳು, ಆದರೆ ಆಫೀಸಿನಲ್ಲಿ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. 

ತೊಂದರೆ ಇದ್ದದ್ದು ಸೋಗಿನಲ್ಲಿ. ಪಟ್ಟಿ ಮಾಡುವ ಪ್ರೋಗ್ರಾಮು ಹಿಂದೆ ಹೈದರಾಬಾದಿನಿಂದ ತಂದಿದ್ದ ದೊಡ್ಡ ಕಂಪ್ಯೂಟರಿಗೆಂದು ಬರೆದದ್ದು. ಆ ಕಂಪ್ಯೂಟರು ಕೆಟ್ಟು ಮೂಲೆ ಸೇರಿತು. ಹೊಸದಾಗಿ ಬಂದ ಸಣ್ಣದಕ್ಕೆ ಅದರ ಭಾಷೆ ತಿಳಿಯದು. ಆಗ ಆಫೀಸಿನ ಹಿರಿಯರಾದ ಶೇಷಗಿರಿರಾಯರು ಎಂಟು ತಿಂಗಳು ತಲೆ ಕೆಡಿಸಿಕೊಂಡು, ಹೊಸ ಕಂಪ್ಯೂಟರಿನ ಒಳಗೇ ಹಳೆಯದರ ವೇಷ ಹಾಕಿ ಕೂರುವ ಇನ್ನೊಂದು ಪ್ರೋಗ್ರಾಮು ಬರೆದರು. ಕಬ್ಬಿಣವಿಲ್ಲ, ತಂತಿಯಿಲ್ಲ, ಬರೀ ಬರವಣಿಗೆಯಲ್ಲಿ ಕಟ್ಟಿದ ಮಷೀನು. ಅದಕ್ಕೇ ಆಫೀಸಿನಲ್ಲಿ ‘ಸೋಗು’ ಎಂದು ಹೆಸರು. ಹಳೆಯ ಪ್ರೋಗ್ರಾಮು ತಾನು ಹಳೆಯ ಮನೆಯಲ್ಲೇ ಇದ್ದೇನೆ ಎಂದು ನಂಬಿ ನಡೆಯುತ್ತಿತ್ತು. ನಡೆಯುತ್ತಿತ್ತು ನಿಜ, ಆದರೆ ಬಸುರಿ ಎಮ್ಮೆಯ ನಡಿಗೆ. ಅರ್ಜಿಗಳನ್ನು ಓದಿ ಮುಗಿಸಲಿಕ್ಕೇ ಏಳೂವರೆ ಗಂಟೆ ಬೇಕು, ಕರೆಂಟು ಇರುವುದು ಆರು ಗಂಟೆ. ಬುಧವಾರವೂ ನಡುವೆ ಸತ್ತಿತು, ಗುರುವಾರವೂ ಸತ್ತಿತು. ಸತ್ತರೆ ಮತ್ತೆ ಮೊದಲಿನಿಂದ ಓದಬೇಕು.

ಶುಕ್ರವಾರ ಗೋಪಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದಳು, ಕಿಟಕಿಗೆ ಹೋದಳು, ಬಂದಳು, ಮತ್ತೆ ಎದ್ದಳು. ಅರ್ಜಿಗಳನ್ನೆಲ್ಲ ತುಂಬಿಟ್ಟ ಡಿಸ್ಕು ಟಕ್, ಟಕ್, ಟಕ್ ಎಂದು ಒಂದೇ ಸಮನೆ ಬಡಿಯುತ್ತಿತ್ತು. ಒಂದು ಅಕ್ಷರಕ್ಕೆ ಒಂದು ಟಕ್. ಡಿಸ್ಕು ಕೇಳಿದಾಗೊಮ್ಮೆ ಐನೂರ ಹನ್ನೆರಡು ಅಕ್ಷರ ಒಟ್ಟಿಗೆ ಕೊಡುತ್ತದಲ್ಲ, ಈ ಸೋಗು ಯಾಕೆ ಒಂದೊಂದಕ್ಕೂ ಓಡುತ್ತದೆ?

ಅಷ್ಟರಲ್ಲಿ ಶೇಷಗಿರಿರಾಯರು ತಮ್ಮ ತಂಬಿಗೆಯಿಂದ ಲೋಟಕ್ಕೆ ನೀರು ಬಗ್ಗಿಸಿಕೊಂಡು ಎರಡು ಗುಟುಕು ಕುಡಿದರು. ಉಳಿದದ್ದನ್ನು ಕಿಟಕಿಯಿಂದ ಚೆಲ್ಲಿದರು. ಒಮ್ಮೆ ಬಾಯಿಗೆ ತಾಗಿದ ಲೋಟದ ನೀರು ಮತ್ತೆ ಮುಟ್ಟುವ ರೂಢಿ ಅವರ ಮನೆತನದಲ್ಲೇ ಇರಲಿಲ್ಲ. ಗಳಿಗೆಗೊಮ್ಮೆ ಬಗ್ಗಿಸುವುದು, ಕುಡಿಯುವುದು, ಚೆಲ್ಲುವುದು.

“ರಾಯರ್ರೀ, ಮ್ಯಾಲಿಂದ ಮತ್ತ ಮಳಿ ಸುರು ಆತಲ್ರೀ!” ಎಂದು ಕೆಳಗಿನಿಂದ ಬುರ್ಹಾನುದ್ದೀನ್ ಕೂಗಿದ. ಅದೂ ದಿನದ ರೂಢಿಯೇ.

ಗೋಪಮ್ಮ ಆ ಲೋಟ ನೋಡಿದಳು, ಡಿಸ್ಕು ನೋಡಿದಳು. ಓಡಿಹೋಗಿ ಸೋಗಿನ ಬರಹದ ಹಾಳೆಗಳನ್ನು ಬಿಚ್ಚಿದಳು. ಇತ್ತು! ಡಿಸ್ಕು ಕೊಟ್ಟದ್ದರಲ್ಲಿ ಒಂದು ಅಕ್ಷರ ತೆಗೆದುಕೋ, ಉಳಿದದ್ದನ್ನು ಚೆಲ್ಲು, ಮುಂದಿನದಕ್ಕೆ ಮತ್ತೆ ಡಿಸ್ಕಿಗೆ ಹೋಗು. ರಾಯರು ತಮ್ಮ ಮಷೀನಿಗೂ ಮಡಿ ಕಲಿಸಿದ್ದರು.

“ಸರ್, ಉಳಿದಿದ್ದನ್ನ ಚೆಲ್ಲಬಾರದ್ರಿ. ಇಟ್ಕಂಡು ಅದ್ರಾಗಿಂದನ ಒಂದೊಂದ ತಗದ್ರ ಹತ್ತು ನಿಮಿಷದಾಗ ಓದಿ ಮುಗಸ್ತದ,” ಎಂದಳು.

ರಾಯರ ಮುಖ ಬಿಗಿಯಿತು. “ಬ್ಯಾಡವಾ. ಉಳಿದದ್ದನ್ನ ಇಟ್ಕೊಂಡೇ ನಾ ಒಮ್ಮೆ ಕೆಟ್ಟೀನಿ. ಒಬ್ಬನ ಹೆಸರಿನ ಬಾಲ ಇನ್ನೊಬ್ಬರಿಗೆ ಅಂಟಿ ಬಂತು. ದೇವದುರ್ಗದ ಮುದುಕಿ ಒಬ್ಬಾಕಿ ರೇಶನ್ ಕಾರ್ಡಿಗೆ ಆರು ತಿಂಗಳು ಅಡ್ಡಾಡಿದಳು. ಆಕಿ ಈ ಮೆಟ್ಟಲಾ ಹತ್ತಿ ಬಂದು ನನ್ನ ಮುಂದ ನಿಂತದ್ದು ಇನ್ನೂ ಕಣ್ಣಾಗ ಅದ. ಅವತ್ತಿಂದ ಚೆಲ್ಲಲಿಕ್ಕೆ ಸುರು ಮಾಡೀನಿ.”

“ಆದ್ರ ಸರ್...”

“ಸೋಗು ಮುಟ್ಟಬ್ಯಾಡ.”

ಗೋಪಮ್ಮನಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಅಳು ಬಂತು. ಆ ಮನುಷ್ಯ ಹೇಳಿದ್ದು ಸುಳ್ಳಲ್ಲವಲ್ಲ! ಅವನ ಮುದುಕಿಯೂ ಮುದುಕಿಯೇ, ತನ್ನ ಮುದುಕಿಯೂ ಮುದುಕಿಯೇ. ಎರಡಕ್ಕೆ ಫ್ಯಾನು ನಿಂತಿತು, ಟಕ್ ಟಕ್ ನಿಂತಿತು, ಮೂರನೆಯ ಸಲ ಸೋಗು ಸತ್ತಿತು.

ಶನಿವಾರ ರಾಯರು ಹನುಮಂತ ದೇವರ ಗುಡಿಗೆ ಹೋಗಿ ಹತ್ತೂವರೆಗೆ ಬರುವವರು. ಕೀಲಿ ಗೋಪಮ್ಮನ ಹತ್ತಿರವಿತ್ತು. ಎಂಟಕ್ಕೇ ಬಂದು ಬಾಗಿಲು ತೆಗೆದಳು. ರಾಯರ ಸೋಗನ್ನು ಹಾಗೇ ಬಿಟ್ಟು, ಅದರ ನಕಲೊಂದನ್ನು ಮಾಡಿಕೊಂಡಳು. ನಕಲಿನಲ್ಲಿ ಚೆಲ್ಲುವ ಸಾಲನ್ನು ಕಿತ್ತು ಹಾಕಿ ಎರಡು ಲೆಕ್ಕ ಇಟ್ಟಳು: ಡಿಸ್ಕು ಈ ಸಲ ಎಷ್ಟು ಅಕ್ಷರ ಕೊಟ್ಟಿತು, ಅದರಲ್ಲಿ ನಾವು ಎಷ್ಟನೆಯದಕ್ಕೆ ಬಂದೆವು. ಕೊಟ್ಟದ್ದು ಮುಗಿಯುವ ತನಕ ಡಿಸ್ಕಿಗೆ ಹೋಗಬೇಡ, ಮುಗಿದ ಮೇಲೆ ಹಳೆಯದರ ಕಡೆ ತಿರುಗಿಯೂ ನೋಡಬೇಡ. ಬಾಲ ಅಂಟಲಿಕ್ಕೆ ದಾರಿಯೇ ಇಲ್ಲ. ಉಮೇದಿ ಹತ್ತಿ, ಒಂದು ಸಲಕ್ಕೆ ಎಂಟು ಪಟ್ಟು ಅಕ್ಷರ ತರುವ ಹಾಗೂ ಮಾಡಿದಳು. ಎರಡು ಸಲ ತಪ್ಪಿದಳು, ಬೆವರು ಒರೆಸಿಕೊಂಡು ತಿದ್ದಿದಳು. ಹತ್ತು ಹದಿನೈದಕ್ಕೆ ಸೋಗು ಓಡಿತು.

ರಾಯರು ಹಣೆಯ ಅಂಗಾರ ಅಕ್ಷತೆಯೊಂದಿಗೆ ಒಳಗೆ ಬಂದಾಗ ಟಕ್ ಟಕ್ ಇರಲಿಲ್ಲ. ಹನ್ನೆರಡೇ ನಿಮಿಷದಲ್ಲಿ ಓದುವುದು ಮುಗಿದು, ಪ್ರಿಂಟರು ಕಿರ್ರೆಂದು ಹಾಳೆ ಹೊರಹಾಕುತ್ತಿತ್ತು.

“ಯಾರ ಕೇಳಿ ಮುಟ್ಟಿದಿ?” ಎಂದರು ರಾಯರು.

“ನಿಮ್ಮದು ಮುಟ್ಟಿಲ್ರಿ, ನಕಲು ಮಾಡಿಕೊಂಡೀನ್ರಿ. ಬಾಲ ಅಂಟಿದ್ರ ತೋರಸ್ರಿ, ಈಗಿಂದೀಗ ನಿಲ್ಲಸ್ತೀನಿ.”

ತೋರಿಸಲೆಂದೇ ರಾಯರು ಕೂತರು. ಬಂದ ಒಂದೊಂದು ಹಾಳೆಯನ್ನೂ ಅರ್ಜಿಯ ಕಟ್ಟಿನ ಪಕ್ಕ ಇಟ್ಟು ಹೆಸರು ಹೆಸರನ್ನೂ ಬೆರಳಿಟ್ಟು ನೋಡಿದರು. ದೇವದುರ್ಗ ಮುಗಿಯಿತು. ಬಾಗಲವಾಡ ಮುಗಿಯಿತು, ಸಿರವಾರ ಮುಗಿಯಿತು. ಒಂದು ಬಾಲವೂ ಸಿಗಲಿಲ್ಲ. ಹನ್ನೆರಡೂವರೆಯ ಹೊತ್ತಿಗೆ ಅವರ ಕಣ್ಣಿನ ಬಿಗುವು ಸಡಿಲವಾಗಿತ್ತು. ಒಂದು ಗಂಟೆಗೆ ಪ್ರಿಂಟರು ನಿಂತಿತು. ಜೀಪೂ ಹೇಳಿದ ಹೊತ್ತಿಗೆ ಮುಂಚೆಯೇ ಬಂತು. ಜೊತೆಗೆ ಬಂದ ಗುಮಾಸ್ತ ಸಿದ್ದರಾಮಪ್ಪ ಪಟ್ಟಿಗೆ ಕೈ ಚಾಚಿದ.

“ತಡೀರಿ, ಎಣಸಬೇಕು,” ಎಂದರು ರಾಯರು. ಎಣಿಸಿದರು. ಇನ್ನೊಮ್ಮೆ ಎಣಿಸಿದರು. “ಗೋಪಮ್ಮ, ನಾಲ್ಕು ಸಾವಿರದ ಇನ್ನೂರ ಒಂಬತ್ತು ಅವ. ಒಂಬತ್ತು ಕಡಿಮಿ.”

ಗೋಪಮ್ಮ ಓಡಿ ಬಂದಳು. ಕೊನೆಯ ಹಾಳೆ ಎಳೆದುಕೊಂಡಳು. ಮಾನ್ವಿಯ ಕಟ್ಟಿನಲ್ಲಿ ಹಿರೇಕೊಟ್ನೆಕಲ್ಲು ಕೊನೆಗೆ, ಹಿರೇಕೊಟ್ನೆಕಲ್ಲಿನಲ್ಲಿ ಅವಳ ಕೇರಿ ಕೊನೆಗೆ. ಅರ್ಜಿ ಜೋಡಿಸುವವರು ಯಾವಾಗಲೂ ಹಾಗೆಯೇ ಜೋಡಿಸುವುದು. ಪಟ್ಟಿಯಲ್ಲಿ ಊರು ಇತ್ತು, ಕೇರಿ ಇರಲಿಲ್ಲ.

ತಪ್ಪು ಅವಳದೇ. ಎಂಟು ಪಟ್ಟು ಪೂರ್ತಿ ತುಂಬಿದರೆ ಮಾತ್ರ ಓದು ಎಂದು ಬರೆದಿದ್ದಳು. ಕೊನೆಯ ಸಲ ಡಿಸ್ಕಿನಲ್ಲಿ ಅಷ್ಟು ಉಳಿದಿರಲಿಲ್ಲ, ಸೋಗು ಅದನ್ನು ಬಿಟ್ಟೇ ಬಿಟ್ಟಿತ್ತು. ಕೇರಿಯಿಂದ ಬಾವಿಗೆ ಅರ್ಧ ಹರದಾರಿ. ಅಷ್ಟು ದೂರ ಹೋಗಿ ಅರ್ಧ ಕೊಡ ಹೊತ್ತು ಬಂದರೆ ಅವ್ವ ಬೈಯುತ್ತಿದ್ದಳು. ತುಂಬುವ ತನಕ ಎತ್ತದಿರುವುದು ಗೋಪಮ್ಮನ ಕೈಗೆ ಅಂಟಿದ ರೂಢಿ. ಆ ರೂಢಿಯೇ ಇವತ್ತು ಅವ್ವನನ್ನು ಪಟ್ಟಿಯಿಂದ ಹೊರಗೆ ಹಾಕಿತ್ತು. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

“ಒಂಬತ್ತೇ ಅಲ್ರೀ, ಬಿಡ್ರಿ. ಮುಂದಿನ ವರ್ಷ ನೋಡಾಣಂತ,” ಎಂದ ಸಿದ್ದರಾಮಪ್ಪ.

“ಬಿಡಾಕ ಬರಂಗಿಲ್ರಿ!” ಗೋಪಮ್ಮ ಚೀರಿದಂತೆ ಹೇಳಿದಳು. ಕೀಲಿಮಣೆಯ ಮುಂದೆ ಕೂತಳು. ಒಂದು ಸಾಲಿನಲ್ಲಿ ಮೂರು ತಪ್ಪು ಬಿದ್ದವು.

“ಏಳು, ನಾ ಒತ್ತತೀನಿ. ನೀ ಹೇಳು,” ಎಂದರು ರಾಯರು.

ಅವಳು ನಿಂತು ಹೇಳಿದಳು, ಅವರು ಕೂತು ಒತ್ತಿದರು. ತುಂಬದಿದ್ದರೂ ಬಂದಷ್ಟನ್ನು ಓದು. ಒಂದೇ ಸಾಲು. ಒಂದೂವರೆ ದಾಟಿತ್ತು. ಸೋಗು ಮತ್ತೆ ಮೊದಲಿನಿಂದ ಓದತೊಡಗಿತು. ಸಿದ್ದರಾಮಪ್ಪ ಗಡಿಯಾರ ನೋಡುತ್ತಿದ್ದ, ಗೋಪಮ್ಮ ಸೀರೆಯ ಸೆರಗನ್ನು ಹಿಂಡುತ್ತಿದ್ದಳು. ಹನ್ನೆರಡು ನಿಮಿಷ ಮುಗಿದು, ಬಿಟ್ಟುಹೋದ ಒಂಬತ್ತು ಹೆಸರು ಮಾತ್ರ ಪ್ರಿಂಟಾಗತೊಡಗಿದವು. ಒಂದು, ಎರಡು, ಐದು, ಎಂಟು.

ಫ್ಯಾನು ನಿಂತಿತು. ಹಾಳಾದ ಕರೆಂಟು, ಅವತ್ತೇ ಹತ್ತು ನಿಮಿಷ ಮುಂಚೆ ಹೋಗಬೇಕೇ!

ಹಾಳೆಯ ತುದಿಯಲ್ಲಿ ೪೨೧೮ ಎಂಬ ಅಂಕಿ ಬಿದ್ದಿತ್ತು. ಅದರ ಮುಂದೆ ಏನೂ ಇರಲಿಲ್ಲ.

ರಾಯರು ಅರ್ಜಿಯ ಕಟ್ಟಿನಿಂದ ಕಡೆಯ ಅರ್ಜಿ ತೆಗೆದರು. ಬಸ್ಸಮ್ಮ, ಗಂಡ ತಾಯಣ್ಣ, ಹಿರೇಕೊಟ್ನೆಕಲ್. ಕೆಳಗೆ ಹೆಬ್ಬೆಟ್ಟು. ಅವರು ಅದನ್ನೇ ನೋಡುತ್ತಾ ಕೂತರು. ವರ್ಷದಿಂದ ದಿನವೂ ನೋಡಿದ ಅಕ್ಷರ ಅದು.

“ಇದು ನಿನ್ನ ಬರಹ ಅಲ್ಲೇನು?”

“ಹೌದ್ರಿ. ನಮ್ಮವ್ವ.”

ರಾಯರು ಜೇಬಿನಿಂದ ಪೆನ್ನು ತೆಗೆದರು.

ಸಿದ್ದರಾಮಪ್ಪ ಅಡ್ಡ ಬಂದ. “ರಾಯರ, ಕೈಲೆ ಬರದದ್ದು ನಡ್ಯಂಗಿಲ್ರಿ. ಅದರಾಗ ನಿಮ್ಮ ಆಫೀಸಿನಾಕಿ ತಾಯಿ ಅಂತೀರಿ. ನಾಳಿಗೆ ಮಂದಿ ಏನಂತಾರ? ನಿಮ್ಮ ಹೆಸರು ಕೆಡತದ.”

ಗೋಪಮ್ಮ ರಾಯರನ್ನೇ ನೋಡಿದಳು. ರಾಯರು ಹೆದರುವ ಮನುಷ್ಯನೆಂದು ಅವಳಿಗೆ ಗೊತ್ತು. ಒಂದು ತಪ್ಪಿಗೆ ನಾಲ್ಕು ವರ್ಷದಿಂದ ಹೆದರಿ ಚೆಲ್ಲುತ್ತಾ ಬಂದವರು.

“ಇಲ್ಲೆ ಅರ್ಜಿ ಅದ, ಇಲ್ಲೆ ನಂಬರ ಅದ,” ಎಂದರು ರಾಯರು ನಿಧಾನವಾಗಿ. “ಒಬ್ಬಾಕಿ ಮುದುಕಿ ನನ್ನ ಸಲುವಾಗಿ ಅಡ್ಡಾಡಿದ್ದು ಸಾಕು.” ನೀಲಿ ಮಸಿಯಲ್ಲಿ ಗುಂಡಗೆ ಬರೆದರು: ಬಸ್ಸಮ್ಮ, ಗಂಡ ತಾಯಣ್ಣ. ಪಕ್ಕದಲ್ಲಿ ಪೂರಾ ಹೆಸರು ಹಾಕಿ ಸಹಿ ಮಾಡಿದರು. ಲೋಟಕ್ಕೆ ನೀರು ಬಗ್ಗಿಸಿ ಎರಡು ಗುಟುಕು ಕುಡಿದು, ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಪಟ್ಟಿಯನ್ನು ಎದೆಗೆ ಅವುಚಿಕೊಂಡು ಎದ್ದರು. “ನಡೀರಿ, ನಾನೂ ಜೀಪಿನಾಗ ಬರ್ತೀನಿ. ಸಾಹೇಬರು ಕೇಳಿದ್ರ ನಾನೇ ಹೇಳ್ತೀನಿ.”

ಶನಿವಾರ, ಒಪ್ಪತ್ತು. ಗುಡಿಯಿಂದ ಬಂದವರು ಇನ್ನೂ ಊಟ ಮಾಡಿರಲಿಲ್ಲ. ಹೊರಗಿನ ಅನ್ನ ಮುಟ್ಟುವವರೂ ಅಲ್ಲ. ಹಾಗೇ ಮೆಟ್ಟಿಲು ಇಳಿದು ಹೋದರು. ಬಾಗಿಲಲ್ಲಿ ಮಾತ್ರ ಒಮ್ಮೆ ತಿರುಗಿ, “ಸೋಮವಾರ ನನ್ನ ಸೋಗಿನಾಗಿನ ಆ ಚೆಲ್ಲೋ ಸಾಲು ತಗದುಬಿಡವಾ,” ಎಂದರು.

ಜೀಪಿನ ಧೂಳು ತೀನ್ ಕಂದೀಲು ದಾಟಿತು. ಗೋಪಮ್ಮ ಕಿಟಕಿಗೆ ಬಂದಳು. ಲೋಟದಲ್ಲಿ ಅರ್ಧ ನೀರು ಹಾಗೇ ಇತ್ತು. ಅಲ್ಲೇ ಕೂತು, ಯಾರೂ ಇಲ್ಲದ ಆಫೀಸಿನಲ್ಲಿ ಗಳಗಳ ಅತ್ತಳು.

ಕೆಳಗಿನಿಂದ ಬುರ್ಹಾನುದ್ದೀನ್ ಕತ್ತೆತ್ತಿದ. “ಯಾಕಬೇ ಯವ್ವಾ, ಏನಾತು?”

“ನಮ್ಮವ್ವನ ಹೆಸರು ಬಂತ್ರೀ ಚಾಚಾ,” ಎಂದಳು ಗೋಪಮ್ಮ.