ಬಿಚ್ಚಪ್ಪನ ಅಂಗಿ

"ಇದೂ ಬೇಡಮ್ಮ, ಮೊಣಕೈಲಿ ತೇಪೆ ಇದೆ," ಎಂದು ಮಗಳು ಇನ್ನೊಂದು ಅಂಗಿಯನ್ನು ಪಕ್ಕಕ್ಕೆಸೆದಳು. ತೀರಿಹೋದ ಅಪ್ಪನನ್ನು ನಡುಮನೆಯಲ್ಲಿ ಮಲಗಿಸಿದ್ದರು. ಊರಿಗೆಲ್ಲ ಅಂಗಿ ಹೊಲಿದ ದರ್ಜಿಗೆ ಮೈಮೇಲೆ ಹಾಕಿ ಕಳಿಸಲು ನೆಟ್ಟಗಿನದೊಂದಿಲ್ಲ! ದೀಪದ ಬುಡದಲ್ಲೇ ಕತ್ತಲು, ಇನ್ನೇನು ಹೇಳುವುದು.

ಹೊರಗೆ ಮೆಟ್ಟಿಲ ಮೇಲೆ ಮಾತು ನಡೆದಿತ್ತು.

"ಯಾವುದರಲ್ಲೂ ಒಂದು ಕೊರತೆ ಇರಬಾರದು ಅನ್ನೋರನ್ನ ಪರ್ಫೆಕ್ಷನಿಸ್ಟ್ ಅಂತಾರೆ," ಅಂದರು ಎದುರುಮನೆ ಮೇಷ್ಟ್ರು.

"ಅದೆಲ್ಲ ಓದಿದೋರ ಮಾತು ಮೇಷ್ಟ್ರೇ. ನಮ್ಮ ಬೀದೀಲಿ ಬಿಚ್ಚಪ್ಪ ಅಂದ್ರೆ ಸಾಕು," ಅಂದ ಕ್ಷೌರಿಕ. "ನಾನು ಮನೇಲಿ ಏನಾದ್ರೂ ಕೊಂಕು ತೆಗೆದ್ರೆ ನನ್ನ ಹೆಂಡ್ತಿ, 'ಬಂದ್ರಪ್ಪ, ನಮ್ಮನೆ ಬಿಚ್ಚಪ್ಪ' ಅಂತಾಳೆ. ಪಾಪ, ಆ ಹೆಸರಿನೋರೇ ಹೊರಟುಬಿಟ್ರು."

ಹೆಸರು ಸುಮ್ಮನೆ ಬಂದದ್ದಲ್ಲ. ಯಾರು ಏನು ಹೊಲಿದು ತಂದರೂ ಅಪ್ಪನ ಬಾಯಲ್ಲಿ ಒಂದೇ ಮಾತು: "ಬಿಚ್ಚು." ಗಿರಾಕಿ ಒಪ್ಪಿ, ತೊಟ್ಟು, ಕನ್ನಡಿ ಮುಂದೆ ಬೀಗುತ್ತಿದ್ದರೂ ಮೈಯಿಂದ ಕಳಚಿಸಿ ಹೊಲಿಗೆ ಬಿಚ್ಚಿದ ಪುಣ್ಯಾತ್ಮ.

ಒಳಗೆ ಮಗಳಿಗೆ ನಗು ಬರಲಿಲ್ಲ. ಎಷ್ಟೋ ವರ್ಷ ಅಪ್ಪನ ಪಕ್ಕದ ಮಿಷನ್ನಿನಲ್ಲೇ ಕೂತು ಹೊಲಿದವಳು. 'ಚೆನ್ನಾಗಿದೆ' ಎಂಬ ಒಂದು ಮಾತಿಗೆ ಚಾತಕದ ಹಾಗೆ ಕಾದಿದ್ದಳು. ಈಗ ಅದನ್ನು ಹೇಳಬೇಕಾದ ಬಾಯಿಯೇ ಮುಚ್ಚಿಹೋಗಿತ್ತು.

*

ಅಪ್ಪನಿಗೆಂದು ಅವಳು ಮೊದಲ ಅಂಗಿ ಹೊಲಿದಾಗ ಇನ್ನೂ ಹುಡುಗಿ. ಬಟ್ಟೆ ಬಿಳಿ, ಬಿಳಿ ದಾರ ಮುಗಿದಿತ್ತೆಂದು ಕಾಲರಿಗೆ ತಿಳಿನೀಲಿ ದಾರ ಹಾಕಿದ್ದಳು. ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಕಾಲರಿನ ಎಡತುದಿ ಮೇಲೆ ಹೋಗಿದೆ. ಬಿಚ್ಚು."

"ಅಷ್ಟು ಸಣ್ಣದು ಯಾರು ನೋಡ್ತಾರಪ್ಪ?"

"ನಾನು ನೋಡಿದ್ನಲ್ಲ."

"ಹಾಗಾದ್ರೆ ನೀನೇ ಬಿಚ್ಕೋ!"

ಅಂಗಿಯನ್ನು ಅವನ ಮಡಿಲಿಗೆಸೆದು ದುರದುರನೆ ಎದ್ದುಹೋದಳು. ಆಮೇಲೆ ಇಬ್ಬರೂ ಅದರ ಸುದ್ದಿ ಎತ್ತಲಿಲ್ಲ.

*

"ಅಯ್ಯೋ, ನನ್ನ ಮರೆವಿಗಿಷ್ಟು ಬೆಂಕಿ ಹಾಕ!" ಎಂದು ಅಮ್ಮ ಟ್ರಂಕಿನ ತಳಕ್ಕೆ ಕೈ ಹಾಕಿದಳು. ಕಾಗದದಲ್ಲಿ ಸುತ್ತಿದ್ದೊಂದು ಅಂಗಿ ಬಂತು. "ಹೋಗುವಾಗ ಇದನ್ನೇ ಹಾಕಿ ಕಳಿಸಿ ಅಂದಿದ್ರು ಕಣೆ."

ಬಿಳಿ ಅಂಗಿ. ಮಗಳು ಅದನ್ನು ಕೈಗೆ ತೆಗೆದುಕೊಂಡಳು. ಬಿಚ್ಚಿ ಮತ್ತೆ ಹೊಲಿದೇ ಇರುತ್ತಾನೆ, ಹಾಗೇ ಬಿಡುವ ಆಸಾಮಿಯೇ ಅವನು? ಕಾಲರನ್ನು ಮಗುಚಿ ನೋಡಿದಳು. ಅದೇ ತಿಳಿನೀಲಿ ದಾರ. ಒಂದು ಹೊಲಿಗೆಯನ್ನೂ ಅವನು ಮುಟ್ಟಿರಲಿಲ್ಲ.

"ಅಪ್ಪಾ," ಎಂದವಳಿಗೆ ಬೆಳಗಿನಿಂದ ಬಾರದ ಅಳು ಒತ್ತರಿಸಿಕೊಂಡು ಬಂತು.

ಅಂಗಿ ತೊಡಿಸಿ ಹೊರಗೆ ತಂದರು. ಕ್ಷೌರಿಕ ಬಗ್ಗಿ ಕಾಲರು ಸರಿಮಾಡಲು ಹೋದ. ಎಳೆದ, ಒತ್ತಿದ. ಅದು ಜಪ್ಪಯ್ಯ ಅನ್ನಲಿಲ್ಲ.

"ಇದ್ಯಾಕೋ ಸೊಟ್ಟಗಿದೆಯಲ್ಲಮ್ಮ. ನೋಡಿದೋರು ಏನಂದಾರು?"

"ಇರ್ಲಿ ಬಿಡಿ ಮಾಮ. ಅಪ್ಪ ನೋಡಿದಾನೆ."

ಬೀದಿಯ ಎರಡೂ ಬದಿಗೆ ಜನ ನಿಂತಿದ್ದರು, ಎಲ್ಲರದೂ ಅವನ ಕೈಯಲ್ಲಿ ನೆಟ್ಟಗಾದ ಕಾಲರು. ಅವರ ನಡುವೆ ದರ್ಜಿ ಸೊಟ್ಟ ಕಾಲರಿನಲ್ಲಿ ಹೊರಟ, ಎಡತುದಿ ಒಂದಿಷ್ಟು ಮೇಲೆ.