ಕಬ್ಬಿಣದ ಬಿಲ್ಲೆಯ ವಯಸ್ಸು

ನನ್ನ ಗಂಡ ಸುಘೋಷ್ ಬಿಟ್ಟುಹೋದ ವಸ್ತುಗಳಲ್ಲಿ ಒಂದು ‘ತ್ಸುಬಾ’ ಇತ್ತು. ಜಪಾನಿ ಕತ್ತಿಯ ಹಿಡಿಗೂ ಅಲಗಿಗೂ ನಡುವೆ ಕೂರುವ, ಅಂಗೈಯಗಲದ ಕಬ್ಬಿಣದ ಬಿಲ್ಲೆ. ಅದು ೧೬೫೦ರ ಆಸುಪಾಸಿನದು ಎಂದು ಅವನ ವಾದ. ಪ್ರವಾಸಿಗರಿಗೆ ಮಾರಲು ಮಾಡಿದ ನಕಲು ಎಂದು ಪಕ್ಕದೂರು ಪ್ಲೆಸೆಂಟನ್ನಿನ ಜಗನ್ನಾಥ ಅಂಕಲ್ ವಾದ. ಅಂಕಲ್ ಕಂಪ್ಯೂಟರ್ ಚಿಪ್ ಕಂಪನಿಯಿಂದ ನಿವೃತ್ತರಾದ ಮರುದಿನವೇ ಹಳೆಯ ವಸ್ತುಗಳ ತಜ್ಞರಾದವರು. ಬಿಲ್ಲೆಯನ್ನು ಮುಟ್ಟದೆ, ಫೋಟೋ ನೋಡಿಯೇ ನಕ್ಕಿದ್ದರು.

ಸುಘೋಷ್ ಸತ್ತು ಹನ್ನೊಂದು ತಿಂಗಳು. ಅವನು ಹೇಳಿದ್ದು ಸರಿಯೇ ಎಂಬುದೊಂದು ನನಗೆ ತಿಳಿಯಬೇಕಿತ್ತು. ಬೇರೇನೂ ಬೇಕೆನಿಸುತ್ತಿರಲಿಲ್ಲ.

ಶನಿವಾರ ಮಿಲ್ಪಿಟಾಸ್‌ನಲ್ಲಿ ಸಂಗ್ರಾಹಕರ ಕೂಟ; ಅಲ್ಲಿ ವಸ್ತುಗಳ ಕಾಲ ತೀರ್ಮಾನಿಸುವವರು ಅಂಕಲ್ಲೇ. ಮುಗಿಸಿ ಗ್ರೋಸರಿಗೆ ಹೋಗುವುದಿತ್ತು, ಹಾಗಾಗಿ ಅತ್ತೆಯೂ ಬಂದಿದ್ದರು.

ಲಕೋಟೆ ಬಿಚ್ಚಿದೆ. ಬಿಲ್ಲೆ ಹೊಳೆಯಿತು. ಮೊದಲೂ ಹೀಗೇ ಇತ್ತೇ ಎಂದು ನೆನಪಾಗಲಿಲ್ಲ.

ಅಂಕಲ್ ಭೂತಗನ್ನಡಿ ಹಿಡಿದರು. “ಅಯ್ಯೋ, ಸುಘೋಷ್‌ಗೆ ಅನ್ಯಾಯ ಮಾಡ್ಬಿಟ್ಟೆ ಕಣಮ್ಮ! ಅಲಗು ತೂರುವ ತೂತಿನ ಸುತ್ತ ನೋಡು, ಕೆಂಪು ಅರಗು. ಯಾವುದೋ ದೊಡ್ಡ ಮನೆತನದ ಆರ್ಡರು ಇದು. ಅನಿಕೇತ, ನೋಡಪ್ಪ.”

ಕೂಟದ ಕಾರ್ಯದರ್ಶಿ ಅನಿಕೇತ ನೋಡಿದ. “ಮ್ಯೂಸಿಯಂ ಪೀಸು ಅಂಕಲ್.”

ಅಂಕಲ್ ಕೂಟದ ದೃಢೀಕರಣದ ಫಾರಂ ತೆಗೆದು ಕಾಲ, ಊರು, ಕಮ್ಮಾರನ ಮನೆತನ ಎಲ್ಲ ತುಂಬಿದರು. ಕಮ್ಮಾರ ಎಡಚನಿದ್ದಿರಬೇಕು ಎಂದೂ ಹೇಳಿದರು. ಸುಘೋಷ್ ಗೆದ್ದ ಎಂದುಕೊಂಡೆ.

“ಅದು ಕುಂಕುಮ ಅಲ್ವೇನ್ರೀ?” ಅತ್ತೆ ಕುರ್ಚಿಯಿಂದ ಬಗ್ಗಿ ನೋಡಿದರು. “ಮೊನ್ನೆ ಆಯುಧಪೂಜೆಗೆ ಕಾರು, ಲ್ಯಾಪ್‌ಟಾಪು ಜೊತೆ ಇದನ್ನೂ ಇಟ್ಟಿದ್ದೆ. ಕತ್ತೀದು ತಾನೆ? ಪಾಪ, ತುಕ್ಕು ಹಿಡಿದು ಕರ್ರಗಿತ್ತು. ಹುಣಸೆಹಣ್ಣು ಹಾಕಿ ಗಸಗಸ ತಿಕ್ಕಿದೆ.”

“ತುಕ್ಕು ಹೋಯ್ತಾ?” ಅಂಕಲ್ ಕೇಳಿದರು.

“ಪೂರ್ತಿ!”

ಆ ತುಕ್ಕೇ ವಯಸ್ಸಿನ ಸಾಕ್ಷಿಯಂತೆ. ಇನ್ನು ಯಾರೂ ಹೇಳಲಾರರಂತೆ. ಅಂಕಲ್ ಅದನ್ನು ಮೆಲ್ಲಗೆ ಹೇಳಿದರು.

“ಗಾರ್ಗಿ, ನನ್ ಮಗಂದು ನಾನೇ ಹಾಳ್ಮಾಡ್ಬಿಟ್ನಾ?” ಎಂದರು ಅತ್ತೆ.

“ಹೊಳೀತಿದೆ ಅತ್ತೆ,” ಎಂದೆ.

ಅಂಕಲ್ ಫಾರಂ ನನ್ನತ್ತ ಸರಿಸಿದರು. “ಇರ್ಲಿ ಬಿಡಮ್ಮ. ಸಾವಿರದ ಆರುನೂರ ಐವತ್ತು ಅಂತ್ಲೇ ಇರ್ಲಿ. ಪಾಪ, ಹುಡುಗನ ಆಸೆ.”

ಅವನದು ವಾದವಾಗಿತ್ತು. ಸತ್ತ ಮೇಲೆ ಆಸೆಯಾಯಿತು.

“ಬೇಡ ಅಂಕಲ್. ಗೊತ್ತಿಲ್ಲ ಅಂತ ಬರೀರಿ.”

ಅಂಕಲ್ ಫಾರಂ ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಆ ಆಪ್ಷನ್ನೇ ಇಟ್ಟಿಲ್ಲ,” ಎಂದ ಅನಿಕೇತ. “ಹನ್ನೆರಡು ವರ್ಷದಲ್ಲಿ ಬೇಕೇ ಆಗಿರ್ಲಿಲ್ಲ.”

“ಅಂಚಲ್ಲಿ ಜಾಗ ಇದೆ,” ಎಂದೆ.

ತುಂಬಿದ್ದನ್ನೆಲ್ಲ ಹೊಡೆದುಹಾಕಿ ಅಂಕಲ್ ಅಂಚಿನಲ್ಲಿ ಬರೆದರು. ಅಕ್ಷರ ಬಹಳ ಸಣ್ಣದಾಗಿತ್ತು. ಸಹಿ ಹಾಕುವ ತನಕ ನಾನು ಏಳಲಿಲ್ಲ.