ಐವತ್ತೆರಡು ಕ್ಯಾಪ್ಸೂಲ್

ಪೋಸ್ಟಣ್ಣ ಎಂದರೆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಅಂಚೆ ಕಚೇರಿಯ ವಿಂಗಡಣೆ ಕೋಣೆಯಲ್ಲಿ ಮೂವತ್ತಾರು ವರ್ಷ ನಿಂತೇ ದುಡಿದವನು. ತನ್ನ ಕೈಯಿಂದ ಒಂದೇ ಒಂದು ಕಾಗದವೂ ತಪ್ಪು ಗೂಡಿಗೆ ಬಿದ್ದಿಲ್ಲವೆಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಓಡಾಡುವವನು. ನಿವೃತ್ತನಾದ ಮೇಲೆ ವಿಂಗಡಿಸಲು ಅವನಿಗೆ ಉಳಿದದ್ದು ಹೆಂಡತಿಯ ಔಷಧಿಗಳಷ್ಟೇ. ರಕ್ತದೊತ್ತಡದ್ದು, ಮೂಳೆಯದ್ದು, ಹೊಟ್ಟೆಯುರಿಯದ್ದು ಎಲ್ಲವನ್ನೂ ಏಳು ಖಾನೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ವಾರಕ್ಕೊಮ್ಮೆ ತುಂಬಿ, ಬೆಳಗ್ಗೆ ಎಂಟಕ್ಕೆ ಸರಿಯಾಗಿ ನೀರಿನ ಲೋಟದ ಜೊತೆ ಅವಳ ಮುಂದೆ ಹಿಡಿಯುತ್ತಿದ್ದ.

ಅವಳನ್ನು ಎಲ್ಲರೂ ಹಾಸಿಗೆ ಅಕ್ಕ ಎನ್ನುತ್ತಿದ್ದರು. ಬೀದಿಯ ಕೊನೆಯ ಶೆಡ್ಡಿನಲ್ಲಿ ಇನ್ನೂ ಇಬ್ಬರು ಹೆಂಗಸರನ್ನು ಇಟ್ಟುಕೊಂಡು ಹತ್ತಿ ಹಿಂಜಿ, ಹಾಸಿಗೆ ದಿಂಬು ಹೊಲಿಯುವ ಕೆಲಸ. ಹದಿನೆಂಟನೇ ವಯಸ್ಸಿನಿಂದ ಧೂಳು ಕುಡಿಯುತ್ತ ಬಂದ ಶ್ವಾಸಕೋಶ ಐವತ್ತು ದಾಟಿದ ಮೇಲೆ ಕೈಕೊಟ್ಟಿತ್ತು. ಇದು ವಾಸಿಯಾಗುವ ಕಾಯಿಲೆಯಲ್ಲ, ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳಬಹುದಷ್ಟೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಒಂಬತ್ತು ವರ್ಷದಿಂದ ಬೆಳಗ್ಗೆ ಸಂಜೆ ಬಾಯಿಗಿಟ್ಟು ಒತ್ತುವ ಒಂದು ಕಂದು ಪಂಪು. ತೀರಾ ಉಸಿರು ಕಟ್ಟಿದಾಗ ಒಂದು ನೀಲಿ ಪಂಪು. ಅಷ್ಟರಲ್ಲೇ ಬಂಡಿ ಸಾಗಿತ್ತು. ಊರಿಗೆಲ್ಲ ಮಲಗೋಕೆ ಹಾಸಿಗೆ ಹೊಲಿದವಳಿಗೆ ತಾನು ಮಲಗಿದರೆ ಉಸಿರು ಬರೋದಿಲ್ಲ ನೋಡಿ ಎಂದು ಅವಳೇ ನಗಾಡುತ್ತಿದ್ದಳು.

ಒಂದು ದಿನ ದೊಡ್ಡ ಆಸ್ಪತ್ರೆಯ ಡಾಕ್ಟರು, ಆ ಕಂದು ಪಂಪು ಇನ್ನು ಬರುವುದಿಲ್ಲ, ಅದಕ್ಕಿಂತ ಒಳ್ಳೆಯದು ಬಂದಿದೆ ಎಂದರು. ಹೊರಗೆ ಸಾಲು ಮೆಟ್ಟಿಲವರೆಗೂ ನಿಂತಿತ್ತು. ಡಾಕ್ಟರ ಒಂದು ಕಣ್ಣು ಬಾಗಿಲ ಮೇಲೇ ಇತ್ತು.

"ದಿನಕ್ಕೆ ಒಂದೇ ಕ್ಯಾಪ್ಸೂಲ್. ಬೆಳಗ್ಗೆ ತಗೊಂಡ್ರೆ ಇಡೀ ದಿನಕ್ಕಾಯ್ತು," ಎಂದು ಚೀಟಿ ಗೀಚಿ ಪೋಸ್ಟಣ್ಣನ ಕೈಗೆ ಕೊಟ್ಟರು. ಚೀಟಿ ಯಾವತ್ತೂ ಅವನ ಕೈಗೇ ಬರುತ್ತಿತ್ತು.

ಔಷಧಿ ಅಂಗಡಿಯವನು ಕ್ಯಾಪ್ಸೂಲಿನ ಎರಡು ಪೆಟ್ಟಿಗೆ ಕೊಟ್ಟ. ಇದರ ಜೊತೆಗೆ ಒಂದು ಡಬ್ಬಿ ಬರುತ್ತದೆ, ಈಗ ಸ್ಟಾಕ್ ಇಲ್ಲ, ನಾಲ್ಕು ದಿನ ಬಿಟ್ಟು ಬಂದು ತೆಗೆದುಕೊಂಡು ಹೋಗಿ ಎಂದೂ ಹೇಳಿದ. ಕ್ಯಾಪ್ಸೂಲ್ ಹಾಕಿಡುವ ಡಬ್ಬಿ ಇರಬೇಕೆಂದುಕೊಂಡ ಪೋಸ್ಟಣ್ಣ. ನಮ್ಮನೆಯಲ್ಲಿ ಡಬ್ಬಿಗೇನು ಬರ, ಅದಕ್ಕೊಂದು ಸಲ ಬಿಸಿಲಲ್ಲಿ ಬರಬೇಕೇ ಎಂದು ನಗುತ್ತ ಹೊರಟುಬಂದ. ಮರುದಿನದಿಂದ ಏಳೂ ಖಾನೆಗಳಿಗೆ ಅರ್ಧ ಹಳದಿ ಅರ್ಧ ಬಿಳಿಯ ಒಂದೊಂದು ಕ್ಯಾಪ್ಸೂಲ್ ಬಂದು ಸೇರಿತು.

ಮೊದಲ ವಾರ ಏನೂ ಗೊತ್ತಾಗಲಿಲ್ಲ. ಎರಡನೇ ವಾರ ಹಾಸಿಗೆ ಅಕ್ಕ ಮಹಡಿ ಮೆಟ್ಟಿಲ ನಡುವೆ ಎರಡು ಸಲ ನಿಂತಳು. ಮೂರನೇ ವಾರ ಮಹಡಿ ಹತ್ತುವುದನ್ನೇ ಬಿಟ್ಟಳು. ಪೋಸ್ಟಣ್ಣ ಮಂಚವನ್ನು ಬಿಚ್ಚಿ ಕೆಳಗಿನ ಕೋಣೆಯಲ್ಲಿ ಜೋಡಿಸಿದ. ಅಪರೂಪಕ್ಕೆ ಎತ್ತಿಕೊಳ್ಳುತ್ತಿದ್ದ ನೀಲಿ ಪಂಪು ದಿನಕ್ಕೆ ಐದಾರು ಸಲ ಬೇಕಾಯಿತು. ತಲೆ ಬಾಚಿಕೊಳ್ಳಲು ಕೈ ಎತ್ತಿದರೆ ಏದುಸಿರು. ಬೀದಿಯ ತಿರುವಿನ ಕ್ಲಿನಿಕ್ಕಿಗೆ ಹೋದರೆ ಅಲ್ಲಿಯ ಡಾಕ್ಟರು, ಎದೆಯ ಔಷಧಿ ತಪ್ಪದೆ ನಡೆದಿದೆಯೇ ಎಂದು ಕೇಳಿದರು. ಒಂದು ದಿನವೂ ತಪ್ಪಿಲ್ಲ ಎಂದು ಪೋಸ್ಟಣ್ಣ ಎದೆ ತಟ್ಟಿ ಹೇಳಿದ. ಐದು ದಿನಕ್ಕೆ ಬೇರೆ ಮಾತ್ರೆ ಕೊಟ್ಟರು. ಆ ಐದು ದಿನ ಸ್ವಲ್ಪ ಹಗುರವಾಯಿತು, ಆರನೇ ದಿನಕ್ಕೆ ಮತ್ತೆ ಅದೇ ಪಾಡು. ಔಷಧಿ ತಪ್ಪಿಲ್ಲ, ಆದರೂ ಉಸಿರು ಇಲ್ಲ. ಹಾಗಾದರೆ ಶ್ವಾಸಕೋಶವೇ ಮುಗಿಯಿತು ಎಂದು ಇಬ್ಬರೂ ಬೇರೆ ಬೇರೆಯಾಗಿ ತೀರ್ಮಾನಕ್ಕೆ ಬಂದರು. ಬಾಯಿಬಿಟ್ಟು ಯಾರೂ ಹೇಳಲಿಲ್ಲ.

ಆರನೇ ವಾರ ಅವಳು ಶೆಡ್ಡಿನ ಬೀಗದ ಕೈಯನ್ನು ಜೊತೆಗಾರ್ತಿಯರಲ್ಲಿ ಹಿರಿಯಳಿಗೆ ಕೊಟ್ಟಳು. ಒಪ್ಪಿಕೊಂಡಿದ್ದ ಹಾಸಿಗೆಗಳನ್ನು ಹೇಗೆ ಮುಗಿಸಬೇಕು, ಯಾರ ಮನೆಯ ದಿಂಬಿಗೆ ಎಷ್ಟು ಹತ್ತಿ ಎಂದು ಕುರ್ಚಿಯಲ್ಲಿ ಕೂತು, ನಡುನಡುವೆ ಉಸಿರಿಗಾಗಿ ಮಾತು ನಿಲ್ಲಿಸುತ್ತ ಹೇಳಿದಳು. ದೂರದ ಊರಿನಿಂದ ತಂಗಿ ಬಂದಳು. ಅಕ್ಕ ತಂಗಿ ಬಾಗಿಲು ಹಾಕಿಕೊಂಡು ಒಂದು ಮಧ್ಯಾಹ್ನವಿಡೀ ಮಾತಾಡಿದರು. ಹೊರಡುವಾಗ ನಾದಿನಿಯ ಕಿವಿಯಲ್ಲಿ ಹೆಂಡತಿಯ ಓಲೆಯನ್ನು ಪೋಸ್ಟಣ್ಣ ಕಂಡ. ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿ, ಸದ್ದು ಕೇಳದ ಹಾಗೆ ಅತ್ತು, ಮುಖ ತೊಳೆದುಕೊಂಡು ಬಂದ. ಮರುದಿನ ಬೆಳಗ್ಗೆ ಎಂಟಕ್ಕೆ ಎಂದಿನಂತೆ ಡಬ್ಬಿ ಮತ್ತು ಲೋಟ.

ದೊಡ್ಡ ಆಸ್ಪತ್ರೆಯಲ್ಲಿ ಮೊದಲೇ ಗೊತ್ತುಮಾಡಿದ್ದ ಪರೀಕ್ಷೆಯ ದಿನ ಬಂತು. ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋದ. ಬೇಗ ಹೊರಟಿದ್ದರಿಂದ ಅಂದಿನ ಔಷಧಿ ಆಗಿರಲಿಲ್ಲ, ಡಬ್ಬಿ ಚೀಲದಲ್ಲಿತ್ತು. ಉಸಿರಿನ ಪರೀಕ್ಷೆ ಮಾಡುವ ಸಿಸ್ಟರು ನಡುವಯಸ್ಸಿನವಳು, ಅವಸರವಿಲ್ಲದ ಹೆಂಗಸು. ಕೊಳವೆಗೆ ಮೂರು ಸಲ ಊದಿಸಿದಳು. ಯಂತ್ರದಿಂದ ಬಂದ ಕಾಗದವನ್ನು ಹಳೆಯದರ ಪಕ್ಕ ಇಟ್ಟು ನೋಡಿ ಹುಬ್ಬು ಗಂಟಿಕ್ಕಿದಳು. ಮೂರು ತಿಂಗಳಲ್ಲಿ ಇಷ್ಟು ಇಳಿಯಬಾರದಲ್ಲ ಎಂದು ತನಗೇ ಹೇಳಿಕೊಂಡಳು. ಆಮೇಲೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು.

"ಅಮ್ಮ, ಹೊಸ ಔಷಧಿ ಹೇಗೆ ತಗೋತೀರಿ? ಒಂದ್ಸಲ ನನ್ನ ಮುಂದೆ ತಗೊಂಡು ತೋರ್ಸಿ."

ಹಾಸಿಗೆ ಅಕ್ಕನಿಗೆ ಮೊದಲೇ ಪೋಸ್ಟಣ್ಣ ಚೀಲಕ್ಕೆ ಕೈಹಾಕಿದ. ಇಲ್ಲಿ ತನ್ನದು ಏನೂ ತಪ್ಪು ಸಿಗುವುದಿಲ್ಲ ಎಂಬ ಧೈರ್ಯ ಅವನಿಗೆ. ಆ ದಿನದ ಖಾನೆ ತೆರೆದು ಹಳದಿ ಕ್ಯಾಪ್ಸೂಲನ್ನು ಹೆಂಡತಿಯ ಅಂಗೈಗೆ ಹಾಕಿದ, ಬಾಟಲಿಯ ಮುಚ್ಚಳ ತಿರುಗಿಸಿ ಕೊಟ್ಟ. ಸಿಸ್ಟರು ಕೈ ಮುಂದೆ ಚಾಚುವಷ್ಟರಲ್ಲಿ ಅವಳು ಅದನ್ನು ನಾಲಿಗೆಯ ಮೇಲಿಟ್ಟು ಒಂದು ಗುಟುಕು ನೀರಿನ ಜೊತೆ ನುಂಗಿಯಾಗಿತ್ತು.

ಸಿಸ್ಟರು ಚಾಚಿದ ಕೈಯನ್ನು ನಿಧಾನಕ್ಕೆ ಹಿಂದಕ್ಕೆ ತೆಗೆದುಕೊಂಡಳು. ಪಕ್ಕದ ಕೋಣೆಯಲ್ಲಿ ಯಾರನ್ನೋ "ಊದಿ, ಊದಿ, ಇನ್ನೂ ಊದಿ" ಎಂದು ಹುರಿದುಂಬಿಸುವುದು ಕೇಳುತ್ತಿತ್ತು.

"ಎಷ್ಟು ದಿನದಿಂದ ಹೀಗೆ?"

"ಐವತ್ತೆರಡು," ಎಂದ ಪೋಸ್ಟಣ್ಣ. "ಇವತ್ತಿಂದೂ ಸೇರಿ. ಒಂದು ದಿನಾನೂ ತಪ್ಪಿಲ್ಲ."

"ಇದರ ಜೊತೆ ಬಂದ ಡಬ್ಬಿ ಎಲ್ಲಿ?"

ಸ್ಟಾಕ್ ಇರಲಿಲ್ಲ, ಮನೆಯಲ್ಲಿ ಡಬ್ಬಿ ಇದೆಯಲ್ಲ ಎಂದು ತರಲಿಲ್ಲ ಎಂದು ಅವನು ಹೇಳಿದ. ಹೇಳುತ್ತಿದ್ದಂತೆ ಸಿಸ್ಟರ ಮುಖ ನೋಡಿ ಮಾತು ಅರ್ಧಕ್ಕೇ ನಿಂತಿತು. ಸಿಸ್ಟರು ಮೇಜಿನ ಖಾನೆಯಿಂದ ಅಂಗೈಯಗಲದ ಒಂದು ಸಾಧನ ತೆಗೆದಳು. ಬಾಯಿಗಿಡುವ ಮೂತಿ, ಮುಚ್ಚಳ, ಪಕ್ಕದಲ್ಲೊಂದು ಗುಂಡಿ.

"ಇದು ನುಂಗೋ ಔಷಧಿ ಅಲ್ಲ, ಅಣ್ಣ. ಕ್ಯಾಪ್ಸೂಲ್ ಒಳಗಿರೋದು ಪುಡಿ. ಇದರೊಳಗೆ ಇಟ್ಟು, ಗುಂಡಿ ಒತ್ತಿ ತೂತು ಮಾಡಿ, ಬಾಯಿಂದ ಎಳ್ಕೋಬೇಕು. ಹೊಟ್ಟೆಗೆ ಹೋದ್ರೆ ಕೆಡುಕೇನೂ ಆಗಿರಲ್ಲ. ಆದರೆ ಎದೆಗೆ ಏನೂ ಸಿಕ್ಕಿಲ್ಲ. ಹಳೇ ಪಂಪು ನಿಲ್ಲಿಸಿದ ದಿನದಿಂದ ಅಮ್ಮ ಔಷಧಿ ಇಲ್ಲದೇ ಇದ್ದಾರೆ."

ಪೋಸ್ಟಣ್ಣನ ಕೈಯಲ್ಲಿದ್ದ ಬಾಟಲಿಯ ಮುಚ್ಚಳ ಬಿದ್ದು ಮೇಜಿನ ಕೆಳಗೆ ಉರುಳಿತು. ಬಗ್ಗಿ ಎತ್ತಿಕೊಳ್ಳಲು ಅವನಿಂದ ಆಗಲಿಲ್ಲ. ಮಂಚ ಕೆಳಗಿಳಿಸಿದ್ದು, ಬೀಗದ ಕೈ ಕೊಟ್ಟದ್ದು, ನಾದಿನಿಯ ಕಿವಿಯ ಓಲೆ ಎಲ್ಲವೂ ಒಟ್ಟಿಗೆ ಬಂದು ಎದುರು ನಿಂತವು. ಪ್ರತಿ ದಿನ ಎಂಟು ಗಂಟೆಗೆ, ತನ್ನದೇ ಕೈ. ಹೆಂಡತಿಯ ಕಡೆ ತಿರುಗಲು ಧೈರ್ಯ ಬರಲಿಲ್ಲ. ಹೀಗೆ ನುಂಗಿದವರು ನೀವೊಬ್ಬರೇ ಅಲ್ಲ, ನಮ್ಮವರೂ ತಿಳಿಸಿ ಹೇಳಬೇಕಿತ್ತು ಎಂದು ಸಿಸ್ಟರು ಸಮಾಧಾನ ಹೇಳುತ್ತಿದ್ದಳು. ಅವನ ಕಿವಿಗೆ ಅದು ದೂರದಲ್ಲಿ ಯಾರೋ ಮಾತಾಡಿದ ಹಾಗೆ ಕೇಳಿತು.

ಹಾಸಿಗೆ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. "ಹಾಗಾದ್ರೆ ನಾನು ಸಾಯ್ತಾ ಇಲ್ವಾ?"

ಈ ಕಾಯಿಲೆಗೆ ಕೊನೆಯ ದಿನ ಯಾರೂ ಬರೆದಿಟ್ಟಿಲ್ಲ, ಆದರೆ ನೀವು ಅಂದುಕೊಂಡಷ್ಟು ಹತ್ತಿರದಲ್ಲಂತೂ ಇಲ್ಲ ಎಂದಳು ಸಿಸ್ಟರು. ಖಾಲಿ ಕ್ಯಾಪ್ಸೂಲ್ ಹಾಕಿ ನಾಲ್ಕು ಸಲ ಅಭ್ಯಾಸ ಮಾಡಿಸಿದಳು. ಡಾಕ್ಟರನ್ನು ಕೇಳಿಕೊಂಡು ಬಂದು, ನಿಜವಾದದ್ದನ್ನು ನಾಳೆಯಿಂದ ಶುರುಮಾಡಿ ಎಂದು ಸಾಧನವನ್ನು ಅವಳ ಕೈಗೇ ಕೊಟ್ಟು ಕಳಿಸಿದಳು.

ಮನೆಗೆ ಬಂದು ಅವಳು ಮಲಗಿದ ಮೇಲೆ ಪೋಸ್ಟಣ್ಣ ಕಪಾಟಿನಿಂದ ಕ್ಯಾಪ್ಸೂಲಿನ ಪೆಟ್ಟಿಗೆ ತೆಗೆದ. ಒಳಗೆ ಎಂಟು ಮಡಿಕೆ ಮಾಡಿದ ತೆಳು ಕಾಗದವೊಂದಿತ್ತು, ಒಮ್ಮೆಯೂ ಬಿಚ್ಚಿರದ್ದು. ಮೂರನೇ ಮಡಿಕೆಯಲ್ಲೇ ಚಿತ್ರ: ಒಂದು ಹೆಣ್ಣಿನ ಮುಖ, ಬಾಯಲ್ಲಿ ಅದೇ ಸಾಧನ. ಓದಬೇಕಾಗಿಯೂ ಇರಲಿಲ್ಲ, ನೋಡಿದ್ದರೆ ಸಾಕಿತ್ತು. ಪೆಟ್ಟಿಗೆ ತಿರುಗಿಸಿದರೆ ಪಕ್ಕದಲ್ಲಿ ದಪ್ಪಕ್ಷರದಲ್ಲಿ ನುಂಗಬಾರದು ಎಂದು ಅಚ್ಚಾಗಿತ್ತು. ಕೋಳಿ ಕೆದಕಿದಂಥ ಕೈಬರಹದ ಲಕ್ಷಾಂತರ ವಿಳಾಸ ಓದಿದ ಕಣ್ಣು ಐವತ್ತೆರಡು ಬೆಳಗ್ಗೆ ಈ ಒಂದು ಪದವನ್ನು ದಾಟಿಕೊಂಡು ಹೋಗಿತ್ತು. ಆ ಪೆಟ್ಟಿಗೆ ಹಿಡಿದುಕೊಂಡೇ ಅವನು ಸಂಜೆಯವರೆಗೆ ಅಡುಗೆಮನೆಯ ನೆಲದ ಮೇಲೆ ಕೂತಿದ್ದ. ನಡುವೆ ಎದ್ದುಬಂದ ಅವಳು ಪೆಟ್ಟಿಗೆಯನ್ನೂ ಬಿಚ್ಚಿದ ಕಾಗದವನ್ನೂ ಕಂಡಳು. ನೀರು ಕುಡಿದು ಸುಮ್ಮನೆ ಹೋಗಿ ಮಲಗಿದಳು.

ಅವಳ ಸಿಟ್ಟು ಬಂದದ್ದು ನಾಲ್ಕನೇ ದಿನ. ಹೊಸ ಸಾಧನ ಸುಲಭಕ್ಕೆ ಬಗ್ಗಲಿಲ್ಲ. ಹಳೆಯ ಪಂಪಾದರೆ ಒತ್ತಿದರೆ ತಾನೇ ಒಳಗೆ ನುಗ್ಗುತ್ತಿತ್ತು. ಇದನ್ನು ಅವಳೇ ಜೋರಾಗಿ ಎಳೆಯಬೇಕು. ಸರಿಯಾಗಿ ಎಳೆದರೆ ಕ್ಯಾಪ್ಸೂಲ್ ಒಳಗೆ ಗಿರ್ರೆಂದು ತಿರುಗುವ ಸದ್ದು ಬರುತ್ತದೆ, ಸದ್ದಿಲ್ಲದಿದ್ದರೆ ಔಷಧಿಯೂ ಇಲ್ಲ ಎಂದು ಸಿಸ್ಟರು ಹೇಳಿದ್ದಳು. ಮೊದಲ ಮೂರು ದಿನ ಎಳೆದ ಕೂಡಲೇ ಕೆಮ್ಮು. ನಾಲ್ಕನೇ ದಿನ ಪೋಸ್ಟಣ್ಣ ಅವಳ ಪಕ್ಕದಲ್ಲೇ ನಿಂತು, ಉಸಿರು ಹೊರಗೆ ಬಿಡು, ತುಟಿ ಬಿಗಿ ಮಾಡು, ಈಗ ಎಳಿ ಎಂದು ಮೇಲ್ವಿಚಾರಕನ ಹಾಗೆ ಹೇಳುತ್ತಿದ್ದ. ಸದ್ದು ಬರಲಿಲ್ಲ. ಅವಳು ಸಾಧನವನ್ನು ಮೇಜಿನ ಮೇಲಿಟ್ಟಳು.

"ಆ ಕಾಗದ ನನ್ನ ಕೈಗೆ ಯಾಕೆ ಕೊಡಲಿಲ್ಲ?"

"ನಿನಗೆ ತೊಂದರೆ ಬೇಡ ಅಂತ..."

"ನನ್ನ ಉಸಿರು ನನಗೆ ತೊಂದರೆ ಅಂತ ನಿಮಗೆ ಯಾರು ಹೇಳಿದ್ದು? ಶೆಡ್ಡಿನಲ್ಲಿ ಪ್ರತಿಯೊಂದು ಚೀಟಿ ನಾನೇ ಓದೋದು. ನನ್ನ ಔಷಧಿ ಯಾವುದು ಅಂತ ಒಂದಿನ ನನ್ನ ಕೇಳಿದ್ರಾ? ನೀವು ಕೊಟ್ರಿ, ನಾನು ಬಾಯಿ ತೆಗೆದೆ. ನನ್ನದೂ ತಪ್ಪೇ. ಆದರೆ ಇಷ್ಟು ದಿನ ಒಳಗೊಳಗೇ ಎಲ್ಲರಿಗೂ ಕೈ ಮುಗಿದು ಹೊರಟು ನಿಂತಿದ್ದೆನಲ್ಲ ರೀ. ಆ ಭಯಾನ ಯಾರ ಹತ್ರ ಹೋಗಿ ಹೇಳ್ಲಿ?"

ಅಷ್ಟು ಹೇಳುವುದಕ್ಕೆ ಅವಳು ನಾಲ್ಕು ಸಲ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು. ಪ್ರತಿ ಸಲವೂ ಅವನು ಕಾದ. ಕಡೆಗೆ, ಸಿಸ್ಟರ ಹತ್ತಿರ ಮತ್ತೊಮ್ಮೆ ಹೋಗೋಣವೇ ಎಂದು ಕೇಳಿದ. ಹೋಗೋಣ, ಆದರೆ ಒಳಗೆ ನಾನೊಬ್ಬಳೇ ಕೂರುತ್ತೇನೆ ಎಂದಳು.

ಹಾಗೇ ಆಯಿತು. ಒಂದು ಗಂಟೆ ಅವನು ಹೊರಗಿನ ಬೆಂಚಿನ ಮೇಲಿದ್ದ. ಎಳೆಯುವ ಮೊದಲು ಪೂರ್ತಿ ಉಸಿರು ಬಿಡುವುದು, ಆದರೆ ಸಾಧನದೊಳಗೆ ಊದಬಾರದು. ಎಳೆದ ಮೇಲೆ ಹತ್ತು ಎಣಿಸುವವರೆಗೆ ಹಿಡಿಯುವುದು. ಕೊನೆಗೆ ತೆರೆದು ಪುಡಿ ಉಳಿದಿದೆಯೇ ನೋಡುವುದು, ಉಳಿದಿದ್ದರೆ ಮತ್ತೊಮ್ಮೆ ಎಳೆಯುವುದು. ಎಲ್ಲವನ್ನೂ ಅವಳು ಕಲಿತು ಬಂದಳು. ಎರಡನೇ ವಾರಕ್ಕೆ ಸದ್ದು ಸರಿಯಾಗಿ ಬಂತು. ನಾಲ್ಕನೇ ವಾರ ತಲೆ ತಾನೇ ಬಾಚಿಕೊಂಡಳು. ಏಳನೇ ವಾರ ಒಂದು ಬೆಳಗ್ಗೆ, ಯಾರಿಗೂ ಹೇಳದೆ, ಮಹಡಿ ಹತ್ತಿ ಕಿಟಕಿ ತೆರೆದು ನಿಂತಿದ್ದಳು. ಪೋಸ್ಟಣ್ಣ ಕೆಳಗೆಲ್ಲ ಹುಡುಕಿ ಗಾಬರಿಯಾಗಿದ್ದ.

ನಾದಿನಿಗೆ ಅವನೇ ಫೋನ್ ಮಾಡಿ ಎಲ್ಲವನ್ನೂ ಹೇಳಿದ. ಅವಳು, "ಭಾವ, ನಾನು ಅಕ್ಕನ್ನ ಕಳಕೊಂಡು ಆಗಲೇ ಅತ್ತು ಮುಗಿಸಿದ್ದೆ," ಎಂದಷ್ಟೇ ಹೇಳಿ ಫೋನ್ ಇಟ್ಟಳು. ಎರಡು ದಿನ ಬಿಟ್ಟು ತಾನೇ ಬಂದಳು.

ಮುಂದಿನ ಪರೀಕ್ಷೆಯಲ್ಲಿ ಅಂಕಿ ಹೆಚ್ಚುಕಡಿಮೆ ಹಳೆಯ ಜಾಗಕ್ಕೆ ಬಂದಿತ್ತು. ಪೂರ್ತಿ ಅಲ್ಲ. ಕಡಿಮೆಯಾದದ್ದರಲ್ಲಿ ಆ ಐವತ್ತೆರಡು ದಿನದ ಪಾಲೆಷ್ಟು, ಕಾಯಿಲೆಯದೇ ಪಾಲೆಷ್ಟು ಎಂದು ಪೋಸ್ಟಣ್ಣ ಕೇಳಿದ. ಅದನ್ನು ಯಾರೂ ಬಿಡಿಸಿ ಹೇಳಲಾರರು ಎಂದಳು ಸಿಸ್ಟರು. ಹಾಸಿಗೆ ಅಕ್ಕ ಈಗ ದಿನಕ್ಕೆ ಮೂರು ಗಂಟೆ ಶೆಡ್ಡಿಗೆ ಹೋಗುತ್ತಾಳೆ. ಹತ್ತಿ ಹಿಂಜುವ ಹೊತ್ತಿಗೆ ಹೊರಗೆ ನಿಲ್ಲುತ್ತಾಳೆ, ಹೊಲಿಗೆಗೆ ಮಾತ್ರ ಒಳಗೆ ಬರುತ್ತಾಳೆ. ಬೆಳಗ್ಗೆ ಅವಳು ಕಿಟಕಿಯ ಹತ್ತಿರ ಕೂತು ಔಷಧಿ ಎಳೆಯುವಾಗ ಪೋಸ್ಟಣ್ಣ ಕೈಯಲ್ಲಿ ಏನು ಕೆಲಸವಿದ್ದರೂ ನಿಲ್ಲಿಸುತ್ತಾನೆ. ಹತ್ತಿರ ಹೋಗುವುದಿಲ್ಲ. ಗಿರ್ರೆನ್ನುವ ಸದ್ದು ಕೇಳಿ, ಅವಳ ಜೊತೆ ತಾನೂ ಹತ್ತರವರೆಗೆ ಉಸಿರು ಹಿಡಿದು, ಅವಳು ಬಿಟ್ಟ ಮೇಲೆ ತಾನೂ ಬಿಡುತ್ತಾನೆ.